ಇಟ್ಟಿಗೆಯ ಕಿರುಮನೆಯೂ ಸ್ಮಾರಕಲಕ್ಷಣವೂ

ಹಿಂದಿನ ಕಡೂರು ಜಿಲ್ಲೆಗೆ ಸೇರಿದ್ದ ತರೀಕೆರೆ ಸೀಮೆಯ ಪ್ರಾಚೀನತೆಯನ್ನು ಹೇಳಹೊರಟವರೆಲ್ಲರೂ ಅಮೃತಾಪುರದ ಅಮೃತೇಶ್ವರ ದೇವಾಲಯದಿಂದಲೇ ಮೊದಲುಮಾಡುವರು. ಅದು ಯುಕ್ತವೇ ಸರಿ. ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಆ ಗುಡಿಯ ಶಾಸನಕ್ಕೆ ಕವಿಯಾದವನು ಯಶೋಧರಚರಿತೆಯ ಕರ್ತೃವಾದ ಜನ್ನನು. ಲೂಯಿ ರೈಸರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳದು. ಆದುದರಿಂದ ಕಲ್ಲು ಸವೆದರೂ ಪಾಠವು ಉಳಿಯುವುದು.

ಇದೇ ಸೀಮೆಯ ಶಿವನಿಯ ಬಳಿಯಲ್ಲಿ ಹಾದುಹೋಗುವ ಬೆಂಗಳೂರು-ಹರಿಹರ ರೈಲುದಾರಿಯು 1889ರಲ್ಲಿ ಪೂರ್ಣವಾಯಿತು. ಇಂತಹ ದಾರಿಗಳ ಬದಿಯ ಊರುಗಳಲ್ಲಿ ಒಂದು ಬಗೆಯ ಕಿರುಮನೆಗಳು ತಲೆಯೆತ್ತಿದುವು: ಸುಣ್ಣದ ಗಾರೆಯಲ್ಲಿ ಕೂಡಿಸಿದ ಇಟ್ಟಿಗೆಯ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಮುಂದೊಂದು ಜಗಲಿ, ಒಳಗೆ ಎರಡು ಮೂರು ಕೋಣೆ. ಇವುಗಳಿಗೆ ಕವಿಯೂ ಇಲ್ಲ, ಶಾಸನಸಂಪುಟವೂ ಇಲ್ಲ. ಇವು ಪರಂಪರೆಯ ಕೋಟಿಗೆ ಸೇರುವುವೇ ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಪೂರ್ವಪಕ್ಷದವರ ಆಕ್ಷೇಪಗಳು ಎರಡು. ಇವು ಪರಕೀಯವಾದುವು ಎಂಬುದು ಮೊದಲನೆಯದು. ಇವುಗಳಲ್ಲಿ ಅಲಂಕಾರವಿಲ್ಲವೆಂಬುದು ಎರಡನೆಯದು.

ಮೊದಲನೆಯ ಆಕ್ಷೇಪವು ಶಬ್ದವಿಚಾರದಿಂದಲೇ ಸಡಿಲವಾಗುವುದು. ‘ಇಟ್ಟಿಗೆ’ಯು ಸಂಸ್ಕೃತದ ‘ಇಷ್ಟಕಾ’ ಶಬ್ದವು ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದ ರೂಪ. ಅಗ್ನಿಚಯನದಲ್ಲಿ ಮಂತ್ರಪೂರ್ವಕವಾಗಿ ವೇದಿಯಲ್ಲಿರಿಸುತ್ತಿದ್ದುದು ಇದನ್ನೇ. ‘ಬಂಗಲೆ’ಯಾದರೋ ಬಂಗಾಳದ ಗುಡಿಸಲಿನಿಂದ ಹೆಸರನ್ನೂ ಆಕಾರವನ್ನೂ ಪಡೆದು, ಆಂಗ್ಲರ ಕೈಯಲ್ಲಿ ಬೆಳೆದು, ತಿರುಗಿ ನಮ್ಮ ಹಳ್ಳಿಗೆ ಬಂದುದು. ಮಂಗಳೂರು ಹೆಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಹರಡಿತು; ಅದರ ಜೇಡಿಯೂ ಅದನ್ನು ಒತ್ತಿದ ಕೈಗಳೂ ಈ ನೆಲದವೇ. ಹೀಗೆ ಒಂದು ಕಿರುಮನೆಯಲ್ಲಿ ಮೂರು ದಾರಿಗಳು ಕೂಡಿರಲಾಗಿ, ಅದನ್ನು ಪರಕೀಯವೆಂದು ಒಂದೇ ಮಾತಿನಲ್ಲಿ ತಳ್ಳುವುದು ಸಾಧುವಲ್ಲ. ಅಧಿಕಾರಿಗೆ ವಿಸ್ತಾರವಾದ ಬಂಗಲೆಯನ್ನೂ ಕೂಲಿಕಾರನಿಗೆ ಇಕ್ಕಟ್ಟಿನ ಸಾಲುಮನೆಯನ್ನೂ ಕೊಟ್ಟ ಆ ಆಳ್ವಿಕೆಯ ತಾರತಮ್ಯವು ಸ್ತುತ್ಯವಲ್ಲವೆಂಬುದು ನಿಜ. ಆದರೆ ಆ ತಾರತಮ್ಯಕ್ಕೆ ಸಾಕ್ಷಿ ಹೇಳತಕ್ಕವುಗಳೂ ಈ ಗೋಡೆಗಳೇ. ಸಾಕ್ಷಿಯನ್ನು ಕೆಡವಿದ ಮಾತ್ರಕ್ಕೆ ದೋಷವು ಪರಿಹಾರವಾಗದು.

ಎರಡನೆಯ ಆಕ್ಷೇಪಕ್ಕೆ ಅಲಂಕಾರಶಾಸ್ತ್ರವೇ ಉತ್ತರವನ್ನೀಯುವುದು. ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಗೆ ದಂಡಿಯು ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನಿತ್ತನು. ಕುಂತಕನು ಅದನ್ನೊಪ್ಪದೆ, ಸ್ವಭಾವವು ಅಲಂಕಾರವಲ್ಲ, ಅಲಂಕಾರ್ಯವೆಂದನು. ಯಾವ ಪಕ್ಷವನ್ನು ಹಿಡಿದರೂ ಸ್ವಭಾವವು ತ್ಯಾಜ್ಯವೆಂದಾಗುವುದಿಲ್ಲ. ಕ್ಷೇಮೇಂದ್ರನು ಕಾವ್ಯದ ಜೀವವೆಂದ ಔಚಿತ್ಯವು ಈ ಮನೆಗಳಲ್ಲಿ ಎದ್ದುಕಾಣುವುದು: ಮಳೆಗೆ ತಕ್ಕ ಇಳಿಜಾರು, ಬಿಸಿಲಿಗೆ ತಕ್ಕ ಜಗಲಿ, ಸಂಬಳಕ್ಕೆ ತಕ್ಕ ಅಳತೆ. ಅಮೃತಾಪುರದ ಕಂಬವನ್ನು ನೋಡುವ ಕಣ್ಣಿನಿಂದ ಇವನ್ನು ನೋಡಿ ನಿರಾಶರಾಗುವುದು, ಮಹಾಕಾವ್ಯದ ಲಕ್ಷಣವನ್ನು ಹಿಡಿದು ಜನಪದದ ಗಾದೆಯನ್ನು ಅಳೆದಂತೆ.

ಈ ವಿವೇಕವಿಲ್ಲದಲ್ಲಿ ಆಗುವ ಹಾನಿಗೆ ಬೆಂಗಳೂರಿನ ಪೂರ್ವದಲ್ಲಿರುವ ವೈಟ್‌ಫೀಲ್ಡೇ ನಿದರ್ಶನ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ವ್ಯವಸಾಯದ ನೆಲಸಿಕೆಗಾಗಿ ಕೊಟ್ಟರು. ಆ ಸಂಘದ ಮುಂದಾಳಾದ ಡಿ. ಎಸ್. ವೈಟರ ಹೆಸರೇ ಊರಿಗಾಯಿತು. ದುಂಡಗಿನ ತೋಟದ ಸುತ್ತ ಹೆಂಚಿನ ಮಾಡಿನ ಮನೆಗಳೆದ್ದುವು. ಇಂದು ಎತ್ತರದ ಕಟ್ಟಡಗಳ ನಡುವೆ ಅವುಗಳಲ್ಲಿ ಉಳಿದಿರುವುವು ಕೆಲವೇ. ಆ ಊರಿನ ವಿಷಯವಾಗಿ ಜನರ ಬಾಯಲ್ಲಿ ಹೆಚ್ಚಾಗಿ ಉಳಿದಿರುವುದು, 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ಚರ್ಚಿಲ್ಲನು ಅಲ್ಲಿಯ ವೇವರ್ಲಿ ಇನ್ನಿಗೆ ಬರುತ್ತಿದ್ದನೆಂಬ ಕಥೆ. ಊರನ್ನು ಉತ್ತು ಬಿತ್ತಿದವರ ಮನೆಯು ಮರೆತುಹೋಗಿ, ಬಂದುಹೋದನೆಂಬ ಅತಿಥಿಯ ಹೆಸರು ನಿಂತಿತು. ದೊಡ್ಡವರ ನಂಟಿಲ್ಲದೆ ಮನೆಗೆ ಮಾನವಿಲ್ಲವೆಂಬ ಎಣಿಕೆಯೇ ಇಲ್ಲಿಯ ಮೂಲದೋಷ.

1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವಾದರೂ ಸ್ಮಾರಕಕ್ಕೆ ಹೇಳುವುದು ನೂರು ವರ್ಷಗಳ ಇರವನ್ನು ಮತ್ತು ಚರಿತ್ರೆ, ಪ್ರಾಕ್ತನಶಾಸ್ತ್ರ ಇಲ್ಲವೆ ಕಲೆಯ ದೃಷ್ಟಿಯಿಂದ ಬರುವ ಆಸಕ್ತಿಯನ್ನು. ಗಾತ್ರವನ್ನಾಗಲಿ ಒಡೆಯನ ಪದವಿಯನ್ನಾಗಲಿ ಅಲ್ಲ. ಆದುದರಿಂದ ಕೊರತೆಯಿರುವುದು ಲಕ್ಷಣದಲ್ಲಿಗಿಂತ ಹೆಚ್ಚಾಗಿ ಓದುವವರ ಅಭ್ಯಾಸದಲ್ಲಿ.

ಹಳೆಯ ಮನೆಗಳೆಲ್ಲವೂ ಉಳಿಯಲೇಬೇಕೆಂಬುದು ಸಿದ್ಧಾಂತವಲ್ಲ. ಮನೆಯು ಬಾಳುವವರಿಗಾಗಿಯೇ ಇರತಕ್ಕದ್ದು. ಆದರೆ ಓದದೆ ಕೆಡವುವುದು ಅಪಚಾರ. ಮಂಗಳೂರು ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುವುದುಂಟು, ಕೆಲವದರಲ್ಲಿ ವರ್ಷವೂ ಉಂಟು. ಅದೂ ಶಾಸನವೇ. ಶಿವನಿಯಂತಹ ಊರುಗಳಲ್ಲಿ ಇಂತಹ ಮನೆಯೊಂದು ಬೀಳುವ ಮೊದಲು ಅದರ ಅಳತೆ, ಇಟ್ಟಿಗೆಯ ಪ್ರಮಾಣ, ಹೆಂಚಿನ ಮುದ್ರೆ, ಅದರಲ್ಲಿ ಬಾಳಿದವರು ಕೋಣೆಗಳಿಗಿಟ್ಟ ಹೆಸರು ಇವಿಷ್ಟನ್ನಾದರೂ ಬರೆದಿಡುವುದು ಆಯಾ ಊರಿನ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಅಸಾಧ್ಯವಲ್ಲ. ಜನ್ನನ ಶಾಸನಕ್ಕೆ ದೊರೆತ ಪ್ರತಿಕಾರನು ಈ ಇಟ್ಟಿಗೆಗೂ ದೊರೆತಲ್ಲಿ, ಈ ಸೀಮೆಯ ಚರಿತ್ರೆಯಲ್ಲಿ ದಂಡನಾಯಕನ ಜೊತೆಗೆ ಹಳಿ ಕಾಯುವವನಿಗೂ ಒಂದು ಪಂಕ್ತಿಯುಂಟಾಗುವುದು.