ಎಳ್ಳಮಾಸಿ, ಯೆಳವಸ, ವೇಳ ಅಮಾವಾಸ್ಯಾ: ಗಡಿನಾಡಿನ ಹಬ್ಬದ ಹೆಸರುಗಳು ಮತ್ತು ‘ನಾವು ಯಾರು’ ಎಂಬ ಪ್ರಶ್ನೆ

(ಸ್ನಾತಕೋತ್ತರ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ನನ್ನ ವಿಷಯ ಹಬ್ಬಗಳಲ್ಲ, ಹಬ್ಬದ ಹೆಸರುಗಳು. ಹಬ್ಬಗಳ ಆಚರಣೆ ಬಗ್ಗೆ ನಮ್ಮ ಜಾನಪದ ಅಧ್ಯಯನದಲ್ಲಿ ಬೇಕಾದಷ್ಟು ಬರವಣಿಗೆ ಆಗಿದೆ. ಆದರೆ ಒಂದೇ ದಿನಕ್ಕೆ ಗಡಿಯ ಈ ಕಡೆ ಒಂದು ಹೆಸರು, ಆ ಕಡೆ ಇನ್ನೊಂದು ಹೆಸರು ಯಾಕೆ, ಆ ಹೆಸರು ಯಾರನ್ನು ‘ನಮ್ಮವರು’ ಅನ್ನುತ್ತೆ, ಯಾರನ್ನು ಹೊರಗೆ ನಿಲ್ಲಿಸುತ್ತೆ ಅನ್ನುವ ಪ್ರಶ್ನೆಯನ್ನು ಅಷ್ಟಾಗಿ ಕೇಳಿಲ್ಲ. ಮರವಡೆಯಿಂದ ಅಕ್ಕಲಕೋಟೆ, ಸೊಲ್ಲಾಪುರದವರೆಗಿನ ನಮ್ಮ ಭಾಗವನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ನೋಡುತ್ತೇನೆ.

1. ಹುಣ್ಣಿಮೆ ಅಮಾಸಿಗಳ ಲೆಕ್ಕ

ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ವರ್ಷವನ್ನು ಚೈತ್ರ, ವೈಶಾಖ ಅಂತ ಎಣಿಸೋದಿಲ್ಲ. ದವನದ ಹುಣ್ಣಿಮಿ, ಆಗಿ ಹುಣ್ಣಿಮಿ, ಕಾರಹುಣ್ಣಿಮಿ, ಕಡ್ಲಿಗಡಬಿನ ಹುಣ್ಣಿಮಿ, ನೂಲಹುಣ್ಣಿಮಿ, ಶೀಗಿ ಹುಣ್ಣಿಮಿ, ಹೊಸ್ತಿಲ ಹುಣ್ಣಿಮಿ, ಬನದ ಹುಣ್ಣಿಮಿ, ಭಾರತ ಹುಣ್ಣಿಮಿ ಅಂತ ಎಣಿಸ್ತಾರೆ. ಇದು ಧಾರವಾಡ, ವಿಜಯಪುರ, ಕಲಬುರಗಿಯವರಿಗೂ ಗೊತ್ತಿರುವ ಪಟ್ಟಿ. ಈ ಹೆಸರುಗಳಲ್ಲಿ ದೇವರು ಕಡಿಮೆ. ಗಿಡ, ತಿನಿಸು, ನೂಲು, ಹೊಸ್ತಿಲು, ಮಣ್ಣು, ಎತ್ತು ಹೆಚ್ಚು. ಅಂದರೆ ಇದು ಪಂಚಾಂಗದ ಲೆಕ್ಕ ಆಗಿರುವಷ್ಟೇ ಮನೆ ಮತ್ತು ಹೊಲದ ಲೆಕ್ಕವೂ ಹೌದು.

ಇದರಲ್ಲಿ ಕಾರಹುಣ್ಣಿಮೆಯನ್ನು ತೆಗೆದುಕೊಳ್ಳೋಣ. ಜ್ಯೇಷ್ಠ ಹುಣ್ಣಿಮೆ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯೋದು. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಚಲೋ ಬರ್ತದೆ ಅಂತ ಹೇಳ್ತಾರೆ. ಈಗ ಮಹಾರಾಷ್ಟ್ರದ ಗೋಡೆ ಕ್ಯಾಲೆಂಡರ್ ತೆಗೆದು ನೋಡಿ. ಆ ದಿನಕ್ಕೆ ದೊಡ್ಡ ಅಕ್ಷರದಲ್ಲಿ ‘ವಟಪೌರ್ಣಿಮಾ’ ಇರುತ್ತದೆ. ಎತ್ತಿನ ಹಬ್ಬಕ್ಕೆ ಅಲ್ಲಿ ಸಿಗುವ ಹೆಸರು ‘ಕರ್ನಾಟಕೀ ಬೇಂದೂರ’. ಆಷಾಢದಲ್ಲಿ ‘ಮಹಾರಾಷ್ಟ್ರೀಯ ಬೇಂದೂರ’ ಅಂತ ಬೇರೆ ಬರುತ್ತದೆ. ಶ್ರಾವಣದ ಅಮಾವಾಸ್ಯೆಗೆ ‘ಪೋಳಾ’.

‘ಕಾರಹುಣ್ಣಿಮೆ’ ಅನ್ನುವ ಹೆಸರು ಆ ದಿನ ಏನು ಮಾಡ್ತೀವಿ, ಯಾವ ಕಾಲ ಶುರುವಾಯ್ತು ಅನ್ನೋದನ್ನು ಹೇಳುತ್ತದೆ. ‘ಕರ್ನಾಟಕೀ ಬೇಂದೂರ’ ಅನ್ನುವ ಹೆಸರು ಅದನ್ನು ಮಾಡುವವರು ಎಲ್ಲಿಯವರು ಅನ್ನೋದನ್ನು ಹೇಳುತ್ತದೆ. ಅಕ್ಕಲಕೋಟೆಯ ಒಕ್ಕಲಿಗ ತನ್ನ ಹೊಲದಲ್ಲಿ, ತನ್ನ ಎತ್ತಿಗೆ ಮಾಡುವ ಹಬ್ಬ ಕ್ಯಾಲೆಂಡರಿನೊಳಗೆ ಹೋದ ಕೂಡಲೇ ಪಕ್ಕದ ರಾಜ್ಯದ ಹಬ್ಬ ಆಗುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಹೀಗೆ ಮಾಡಿದ್ದಾರೆ ಅಂತ ನಾನು ಹೇಳ್ತಾ ಇಲ್ಲ. ಎರಡು ಬೇಂದೂರಗಳನ್ನು ಬೇರ್ಪಡಿಸಲು ಒಂದು ಗುರುತು ಬೇಕಿತ್ತು, ರಾಜ್ಯದ ಹೆಸರು ಸುಲಭವಾಗಿ ಸಿಕ್ಕಿತು. ಆದರೆ ಗುರುತಿನ ರಾಜಕೀಯ ಹುಟ್ಟೋದು ಬಹಳ ಸಲ ಇಂಥ ಸುಲಭದ ಅನುಕೂಲಗಳಿಂದಲೇ.

2. ಎಳ್ಳ ಅಮಾವಾಸ್ಯೆಯ ಪ್ರಯಾಣ

ಎರಡನೇ ಉದಾಹರಣೆ ಇದಕ್ಕೆ ಉಲ್ಟಾ. ಮಾರ್ಗಶಿರದ ಅಮಾವಾಸ್ಯೆಗೆ ನಮ್ಮಲ್ಲಿ ಎಳ್ಳಮಾಸಿ. ಜೋಳ ತೆನೆ ಹಿಡಿಯುವ ಹೊತ್ತು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪಾಂಡವರ ಕಲ್ಲು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಲೆ, ಅಂಬಲಿ. ಇದೇ ದಿನ, ಇದೇ ಊಟ, ಇದೇ ಪೂಜೆ ಲಾತೂರ, ಧಾರಾಶಿವ ಜಿಲ್ಲೆಗಳ ಮರಾಠಿ ಮನೆಗಳಲ್ಲೂ ಇದೆ. ಹಳ್ಳಿಯ ಬಾಯಲ್ಲಿ ಅದು ‘ಯೆಳವಸ’. ಪತ್ರಿಕೆಯಲ್ಲಿ, ಸರಕಾರಿ ಕಾಗದದಲ್ಲಿ ‘ವೇಳ ಅಮಾವಾಸ್ಯಾ’. ಲಾತೂರಿನಲ್ಲಿ ಇದಕ್ಕೆ ಸ್ಥಳೀಯ ರಜೆ ಕೂಡ ಕೊಡುತ್ತಾರೆ.

ಮರಾಠಿಯಲ್ಲಿ ‘ವೇಳ’ ಅಂದರೆ ಹೊತ್ತು, ಸಮಯ. ‘ಸಮಯದ ಅಮಾವಾಸ್ಯೆ’ ಅನ್ನೋದಕ್ಕೆ ಅರ್ಥವೇ ಕೂಡೋದಿಲ್ಲ. ಹಾಗಾದರೆ ಈ ರೂಪ ಹೇಗೆ ಬಂತು? ಮರಾಠವಾಡದ ಆಡುಮಾತಿನಲ್ಲಿ ‘ವೇಳ’ವನ್ನು ‘ಯೆಳ’ ಅನ್ನುತ್ತಾರೆ. ಕನ್ನಡದ ‘ಎಳ್ಳ’ ಅಲ್ಲಿ ಆಗಲೇ ‘ಯೆಳ’ ಆಗಿ ನಿಂತಿತ್ತು. ಓದಿದವರು ಹಳ್ಳಿಯ ‘ಯೆಳ’ವನ್ನು ತಿದ್ದಿ ಬರೆಯುವಾಗ ಇದೂ ‘ವೇಳ’ವೇ ಇರಬೇಕು ಅಂದುಕೊಂಡು ತಿದ್ದಿದರು ಅನ್ನುವುದು ನನ್ನ ಓದು. ಹಳ್ಳಿಯ ಬಾಯಿ ಕನ್ನಡದ ಹೆಸರನ್ನು ಉಳಿಸಿಕೊಂಡಿತು, ಶುದ್ಧ ಬರಹ ಅದನ್ನು ಮುಚ್ಚಿತು.

ಇದಕ್ಕೆ ಇನ್ನೊಂದು ವಿವರಣೆಯೂ ಇದೆ. ಇದು ‘ಎಳ್ಳು’ ಅಲ್ಲ, ‘ಏಳು’, ಏಳನೆಯ ಅಮಾವಾಸ್ಯೆ ಅನ್ನುವುದು. ಜ್ಯೇಷ್ಠದ ಮಣ್ಣೆತ್ತಿನ ಅಮಾಸಿಯಿಂದ ಎಣಿಸಿದರೆ ಮಾರ್ಗಶಿರದ್ದು ಸರಿಯಾಗಿ ಏಳನೆಯದು. ಲೆಕ್ಕ ಚೆಂದ ಕೂಡುತ್ತದೆ. ಆದರೆ ನಮ್ಮ ಉಳಿದ ಅಮಾಸಿಗಳನ್ನು ನೋಡಿ: ಮಣ್ಣೆತ್ತು, ನಾಗರ, ಬೆನಕ, ಛಟ್ಟಿ. ಒಂದಕ್ಕೂ ಅಂಕಿಯ ಹೆಸರಿಲ್ಲ. ಎಲ್ಲ ವಸ್ತುವಿನ, ದೈವದ, ಆಚರಣೆಯ ಹೆಸರುಗಳು. ಒಂದು ಹೆಸರನ್ನು ಬಿಡಿಯಾಗಿ ನೋಡದೆ ಅದರ ಸಾಲಿನಲ್ಲಿಟ್ಟು ನೋಡಿದರೆ ‘ಎಳ್ಳು’ ಹೆಚ್ಚು ಸಹಜ ಅನ್ನಿಸುತ್ತದೆ.

3. ಅರ್ಥ ಮರೆತರೂ ಬಿಡದ ಹೆಸರು: ಸೊಲ್ಲಾಪುರದ ಜಾತ್ರೆ

ಮೂರನೆಯದು ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ. ಊರವರ ಬಾಯಲ್ಲಿ ಗಡ್ಡಾ ಜಾತ್ರೆ. ಸೊನ್ನಲಿಗೆಯ ಸಿದ್ಧರಾಮ ನಮಗೆ ಹನ್ನೆರಡನೇ ಶತಮಾನದ ವಚನಕಾರ, ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ನಾಯಕ. ಸೊಲ್ಲಾಪುರದ ಬಹುಪಾಲು ಜನರಿಗೆ ಅವನು ಗ್ರಾಮದೈವ. ಸಂಕ್ರಾಂತಿಯ ಆಸುಪಾಸಿನಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ನಡೆಯುತ್ತದೆ. ಸಿದ್ಧರಾಮನನ್ನು ಮದುವೆಯಾಗಬೇಕೆಂದ ಕುಂಬಾರ ಕನ್ಯೆಗೆ ಅವನ ಯೋಗದಂಡದೊಡನೆ ಮದುವೆಯಾಯಿತು ಅನ್ನುವ ಐತಿಹ್ಯವನ್ನು ಅಕ್ಷತೆಯ ದಿನ ಮತ್ತೆ ಆಚರಿಸುತ್ತಾರೆ.

ಮರಾಠಿ ಪತ್ರಿಕೆಗಳಲ್ಲಿ ಈ ಜಾತ್ರೆಯ ವರದಿ ಓದಿ. ಅರವತ್ತೆಂಟು ಲಿಂಗಗಳಿಗೆ ಎಣ್ಣೆ ಹಚ್ಚುವ ದಿನಕ್ಕೆ ‘ಯಣ್ಣೀಮಜ್ಜನ’. ಅಕ್ಷತೆ ನಡೆಯುವ ಜಾಗಕ್ಕೆ ‘ಸಮ್ಮತಿ ಕಟ್ಟಾ’. ಕೊನೆಯ ದಿನ ನಂದಿಧ್ವಜಗಳ ಬಟ್ಟೆ ತೆಗೆಯುವುದಕ್ಕೆ ‘ಕಪ್ಪಡಕಳಿ’. ಜಾತ್ರೆಯ ಮುಖ್ಯ ಮಾನಕರಿ ಮನೆತನದ ಹೆಸರು ‘ಹಿರೇಹಬ್ಬು’. ಎಣ್ಣೆ ಮಜ್ಜನ, ಕಟ್ಟೆ, ಕಪ್ಪಡ ಕಳೆಯುವುದು, ಹಿರೇ. ‘ಮಜ್ಜನ’, ‘ಕಪ್ಪಡ’ ಇವತ್ತಿನ ಬೆಂಗಳೂರಿನ ಕನ್ನಡದಲ್ಲೂ ಬಳಕೆ ತಪ್ಪಿದ ಪದಗಳು. ನಾವು ಅವನ್ನು ಹಳೆಯ ಪಠ್ಯಗಳಲ್ಲಿ ಟಿಪ್ಪಣಿ ನೋಡಿ ಓದುತ್ತೇವೆ. ಸೊಲ್ಲಾಪುರದ ಮರಾಠಿ ಹುಡುಗ ಅವನ್ನು ಪ್ರತಿ ಜನವರಿಯಲ್ಲಿ ಸಹಜವಾಗಿ ಆಡುತ್ತಾನೆ. ವರದಿಗಾರರು ಪಕ್ಕದಲ್ಲಿ ‘ತೈಲಾಭಿಷೇಕ’, ‘ವಸ್ತ್ರವಿಸರ್ಜನ’ ಅಂತ ವಿವರಣೆ ಕೊಡುತ್ತಾರೆ, ಆದರೂ ಮೂಲ ಹೆಸರನ್ನು ಬಿಟ್ಟಿಲ್ಲ.

ಹಾಗಾದರೆ ಈ ಹೆಸರು ಯಾವ ಗುರುತು? ‘ನೋಡಿ, ಇದು ಕನ್ನಡದ ನೆಲ’ ಅಂತ ಹೇಳಿಬಿಡುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆ ಹುಡುಗ ‘ಯಣ್ಣೀಮಜ್ಜನ’ ಅನ್ನುವಾಗ ತಾನು ಕನ್ನಡಿಗ ಅಂತ ಹೇಳುತ್ತಿಲ್ಲ, ತಾನು ಸೊಲ್ಲಾಪುರದವನು ಅಂತ ಹೇಳುತ್ತಿದ್ದಾನೆ. ಪದ ಕನ್ನಡದ್ದು, ಗುರುತು ಊರಿನದು. ಈ ಎರಡನ್ನು ಬೇರೆ ಬೇರೆಯಾಗಿ ನೋಡದಿದ್ದರೆ ನಮ್ಮ ವಿಮರ್ಶೆ ದಾರಿ ತಪ್ಪುತ್ತದೆ.

4. ಸರಕಾರ ಹೆಸರಿಟ್ಟ ದಿನಗಳು

ಇಲ್ಲಿಯವರೆಗಿನ ಹೆಸರುಗಳು ತಾವಾಗಿ ಬೆಳೆದವು. ಆದೇಶದಿಂದ ಹುಟ್ಟಿದ ಹೆಸರುಗಳ ಕಥೆ ಬೇರೆ. ಸೆಪ್ಟೆಂಬರ್ 17 ನೋಡಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಶರಣಾದ ದಿನ. ಸೈನ್ಯದ ಮುಖ್ಯ ತುಕಡಿ ಹೊರಟದ್ದು ನಮ್ಮ ಸೊಲ್ಲಾಪುರದ ಕಡೆಯಿಂದಲೇ. ಮಹಾರಾಷ್ಟ್ರದಲ್ಲಿ ಅದು ‘ಮರಾಠವಾಡಾ ಮುಕ್ತಿಸಂಗ್ರಾಮ ದಿನ’. ಕರ್ನಾಟಕದಲ್ಲಿ ‘ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ’ ಆಗಿದ್ದದ್ದು 2019ರಿಂದ ‘ಕಲ್ಯಾಣ ಕರ್ನಾಟಕ ಉತ್ಸವ’. ತೆಲಂಗಾಣ ಸರಕಾರ 2022ರಲ್ಲಿ ‘ರಾಷ್ಟ್ರೀಯ ಸಮೈಕ್ಯತಾ ದಿನ’ ಅಂದಿತು, ಅದೇ ವರ್ಷ ಕೇಂದ್ರ ಸರಕಾರ ‘ಹೈದರಾಬಾದ್ ವಿಮೋಚನಾ ದಿನ’ ಅಂದಿತು. 2024ರಲ್ಲಿ ತೆಲಂಗಾಣದ ಹೊಸ ಸರಕಾರ ‘ಪ್ರಜಾಪಾಲನಾ ದಿನ’ ಅಂದಿತು. ಮುಕ್ತಿ, ವಿಮೋಚನೆ, ಐಕ್ಯ, ಉತ್ಸವ, ಪ್ರಜಾಪಾಲನೆ: ಒಂದೊಂದು ಪದವೂ ಆ ಘಟನೆಯ ಬಗ್ಗೆ ಒಂದೊಂದು ತೀರ್ಪು. ಯಾರಿಂದ ಬಿಡುಗಡೆ ಅನ್ನುವ ಪ್ರಶ್ನೆ ‘ವಿಮೋಚನೆ’ಯಲ್ಲಿ ಎದ್ದು ಕಾಣುತ್ತದೆ. ‘ಉತ್ಸವ’ದಲ್ಲಿ ಅದು ಏಳೋದೇ ಇಲ್ಲ.

ನವೆಂಬರ್ 1 ನಮಗೆ ಇನ್ನೂ ಹತ್ತಿರದ್ದು. 1956ರಲ್ಲಿ ಆ ದಿನ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯ ಬಿಟ್ಟು ಹೊಸ ರಾಜ್ಯಕ್ಕೆ ಸೇರಿದವು. ಸೊಲ್ಲಾಪುರ, ಅಕ್ಕಲಕೋಟೆ ಮುಂಬಯಿಯಲ್ಲೇ ಉಳಿದು 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾದವು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕು ಅಂದಿತು, ಅದು ಜಾರಿಯಾಗಲಿಲ್ಲ. ಹೀಗಾಗಿ ಒಂದೇ ದಿನ ಕರ್ನಾಟಕಕ್ಕೆ ‘ರಾಜ್ಯೋತ್ಸವ’, ಬೆಳಗಾವಿಯ ಮರಾಠಿ ಏಕೀಕರಣವಾದಿಗಳಿಗೆ ‘ಕಾಳಾ ದಿನ’. ನಮಗೆ? ನಾವು ಬಂಧುಗಳಿಂದ ಬೇರೆಯಾದ ದಿನವೂ ಅದೇ. ಅದಕ್ಕೆ ಹೆಸರೇ ಇಲ್ಲ. ಉತ್ಸವ ಅನ್ನೋಣ ಅಂದರೆ ರಾಜ್ಯ ನಮ್ಮದಲ್ಲ, ಕಾಳಾ ದಿನ ಅನ್ನೋಣ ಅಂದರೆ ಅದು ನಮ್ಮ ಭಾಷೆಯ ವಿರುದ್ಧದ ಘೋಷಣೆ. ಹೆಸರಿಲ್ಲದಿರುವುದೂ ಗುರುತಿನ ಒಂದು ಸ್ಥಿತಿ.

ಇದರ ಎದುರು ಜನವರಿ 12 ಇದೆ. 1930ರ ಸೊಲ್ಲಾಪುರ ಮಾರ್ಷಲ್ ಲಾ ನಂತರ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ ಅವರನ್ನು ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ಊರು ಅವರನ್ನು ‘ಚಾರ ಹುತಾತ್ಮ’ ಅಂತ ಒಟ್ಟಿಗೆ ನೆನೆಯುತ್ತದೆ. ಈ ಹೆಸರಿನಲ್ಲಿ ಭಾಷೆ, ಜಾತಿ, ಮತ ಯಾವುದೂ ಇಲ್ಲ, ಸಂಖ್ಯೆ ಮಾತ್ರ ಇದೆ. ಎಲ್ಲರಿಗೂ ಜಾಗ ಇರುವ ಹೆಸರು ಹೀಗೂ ಇರಬಹುದು.

5. ಐರ್ಲೆಂಡಿನ ಕಡೆ ಒಂದು ನೋಟ

ಹೋಲಿಕೆಗೆ ಐರ್ಲೆಂಡ್ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹಳೆಯ ಋತುಹಬ್ಬಗಳಾದ ಬ್ಯಾಲ್ಟಿನ, ಲೂನಸ, ಸೌವಿನ್ ಐರಿಷ್ ಭಾಷೆಯಲ್ಲಿ ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಹೆಸರಾಗಿ ನಿಂತಿವೆ. ಇಂಗ್ಲಿಷಿನಲ್ಲಿ ಬರೀ ‘ಆಗಸ್ಟ್ ರಜೆ’ ಅನ್ನುವುದರೊಳಗೆ ಐರಿಷಿನಲ್ಲಿ ಲುಗ್ ದೇವತೆಯ ಹಬ್ಬ ಅಡಗಿದೆ. ಡಿಸೆಂಬರ್ 26 ಗಣರಾಜ್ಯದಲ್ಲಿ ಸೇಂಟ್ ಸ್ಟೀಫನ್ ದಿನ, ಉತ್ತರ ಐರ್ಲೆಂಡಿನಲ್ಲಿ ಬಾಕ್ಸಿಂಗ್ ಡೇ. ಹೆಸರು ಹೇಳಿದರೆ ಗಡಿ ಗೊತ್ತಾಗುತ್ತದೆ. 2023ರಿಂದ ಬ್ರಿಜಿಡ್ ಹೆಸರಿನಲ್ಲಿ ಸಾರ್ವತ್ರಿಕ ರಜೆ ಬಂತು. ಆ ಹೆಸರು ಸಂತಳದ್ದೂ ಹೌದು, ಹಳೆಯ ದೇವತೆಯದ್ದೂ ಹೌದು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿ ಹಳೆಯ ಹೆಸರುಗಳ ಬೆನ್ನಿಗೆ ಒಂದು ರಾಷ್ಟ್ರ ನಿಂತಿದೆ. ನಮ್ಮ ಎಳ್ಳಮಾಸಿಯ ಬೆನ್ನಿಗೆ ನಿಂತಿರುವುದು ಬುತ್ತಿ ಹೊತ್ತ ಹೆಣ್ಣುಮಕ್ಕಳು.

6. ನಮ್ಮ ವಿಧಾನದ ಬಗ್ಗೆ

ಗಡಿನಾಡಿನ ಹೆಸರುಗಳ ಅಧ್ಯಯನ ಅಂದರೆ ಶಂಬಾ ಜೋಶಿಯವರನ್ನು ನೆನೆಯದೆ ಆಗೋದಿಲ್ಲ. ಸ್ಥಳನಾಮಗಳ ಮೂಲಕ ಅವರು ಕನ್ನಡದ ಹರಹನ್ನು ತೋರಿಸಿದರು, ಮರಾಠಿಯಲ್ಲೇ ಪುಸ್ತಕ ಬರೆದು ಆ ಓದುಗರೊಡನೆ ವಾದ ಮಾಡಿದರು. ಆ ಕಡೆಯಿಂದ ರಾ. ಚಿಂ. ಢೇರೆಯವರು ಪಂಢರಪುರದ ವಿಠ್ಠಲನ ಬಗ್ಗೆ ಬರೆದ ಗ್ರಂಥದಲ್ಲಿ ಅವನ ಕನ್ನಡ ನಂಟನ್ನು ಅಡಗಿಸಲಿಲ್ಲ. ಇವೆರಡೂ ದೊಡ್ಡ ಮಾದರಿಗಳು. ನನ್ನ ತಕರಾರು ಇರುವುದು ಅವರ ನಂತರ ನಮ್ಮ ವೇದಿಕೆಗಳಲ್ಲಿ ಬೆಳೆದ ರೂಢಿಯ ಬಗ್ಗೆ. ಪದದ ಮೂಲ ಹುಡುಕೋದು, ಅದನ್ನು ಉತಾರೆಯಂತೆ ಹಿಡಿದು ಜಮೀನು ನಮ್ಮದು ಅನ್ನೋದು. ಈ ರೂಢಿ ಎರಡು ಸಂಗತಿಗಳನ್ನು ನೋಡುವುದಿಲ್ಲ. ಒಂದು, ಆ ಪದವನ್ನು ಇವತ್ತು ಬಳಸುತ್ತಿರುವ ಮರಾಠಿ ಬಾಯಿ. ಅದು ಕದ್ದ ಬಾಯಲ್ಲ, ಕಾಪಾಡಿದ ಬಾಯಿ. ಎರಡು, ಅದೇ ಪದವನ್ನು ಕಳೆದುಕೊಳ್ಳುತ್ತಿರುವ ನಮ್ಮ ಮಕ್ಕಳು. ಅಕ್ಕಲಕೋಟೆಯ ಕನ್ನಡ ಮನೆಯ ಹುಡುಗರು ಶಾಲೆಯ ರಜೆ ಪಟ್ಟಿ ನೋಡಿ ‘ವಟಪೌರ್ಣಿಮಾ’ ಅಂತಾರೆ, ಕಾರಹುಣ್ಣಿಮಿ ಅಂದರೆ ‘ಅಜ್ಜಿ ಹೇಳೋದು’ ಅಂತಾರೆ. ಬೆಂಗಳೂರಿನಿಂದ ಬರುವ ಪ್ರಮಾಣ ಕನ್ನಡವೂ ಅವರಿಗೆ ನೆರವಾಗುವುದಿಲ್ಲ. ಅಲ್ಲಿ ದಸರಾ ‘ನಾಡಹಬ್ಬ’. ನಮ್ಮಲ್ಲಿ ಅದು ಬನ್ನಿ ಹಬ್ಬ. ಬನ್ನಿ ಹಂಚಿಕೊಳ್ಳಲು ಗಡಿ ಅಡ್ಡ ಬರೋದಿಲ್ಲ, ‘ನಾಡ’ ಅಂದ ಕೂಡಲೇ ಯಾವ ನಾಡು ಅನ್ನುವ ಪ್ರಶ್ನೆ ಬರುತ್ತದೆ.

ಹಾಗಾಗಿ ಹಬ್ಬದ ಹೆಸರನ್ನು ಓದುವಾಗ ಅದರ ಮೂಲದ ಜೊತೆ ಇನ್ನೂ ಮೂರನ್ನು ಕೇಳಬೇಕು ಅನ್ನುವುದು ನನ್ನ ಸಲಹೆ. ಈಗ ಯಾರು ಅದನ್ನು ಆಡುತ್ತಿದ್ದಾರೆ? ಆ ಹೆಸರಿನಲ್ಲಿ ಯಾವ ಕೆಲಸ ನಡೆಯುತ್ತಿದೆ? ಹೆಸರು ಬದಲಾದಾಗ ಯಾರಿಗೆ ಅದು ಪರರ ಹಬ್ಬವಾಗುತ್ತದೆ?

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ‘ಎತ್ತುಗಳೇ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕಾರಹುಣ್ಣಿಮೆ ಅನ್ನೋ ಹೆಸರು ಉಳಿಸಿ ಏನು ಪ್ರಯೋಜನ?’ ಒಳ್ಳೆಯ ಪ್ರಶ್ನೆ. ಕಪ್ಪಡ ಅಂದರೆ ಬಟ್ಟೆ ಅಂತ ಗೊತ್ತಿಲ್ಲದವರು ಕಪ್ಪಡಕಳಿಯನ್ನು ಉಳಿಸಿದ್ದಾರೆ, ಯಾಕಂದ್ರೆ ಆ ದಿನ ಅವರು ಇನ್ನೂ ಒಂದು ಕಡೆ ಸೇರ್ತಾರೆ. ಸೇರುವ ಕಾರಣ ಇದ್ದರೆ ಹೆಸರು ಇರುತ್ತದೆ. ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು. ನಮ್ಮ ಕನ್ನಡ ಶಾಲೆಗಳ ಗೋಡೆಗೆ ಹುಣ್ಣಿಮೆ ಅಮಾಸಿಗಳ ಪಟ್ಟಿಯನ್ನು ನಮ್ಮ ಹೆಸರಿನಲ್ಲಿ, ಪಕ್ಕದಲ್ಲಿ ಮರಾಠಿ ಹೆಸರನ್ನೂ ಬರೆದು ಹಚ್ಚೋಣ, ಎಳ್ಳಮಾಸಿ ದಿನ ಮಕ್ಕಳನ್ನು ಹೊಲಕ್ಕೆ ಕರಕೊಂಡು ಹೋಗೋಣ. ಅಷ್ಟು ನಮ್ಮ ಕೈಯಲ್ಲಿ ಆಗ್ತದೆ.