ಬ್ಯುರೆಟ್ಟಿನ ಮುಂದೆ ಕಲಿಯುವುದೇನು?

ಬಿ.ಎಸ್ಸಿ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೈಟ್ರೇಷನ್ ನಡೆಯುವಾಗ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ‘ನಿಂಗೆಷ್ಟು ಬಂತು?’ ಎಂಬುದು. ಪಕ್ಕದವರಿಗೆಲ್ಲ 9.8 ಬಂದಿದ್ದರೆ, 10.3 ಬಂದ ಹುಡುಗಿ ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿ 9.8 ಎಂದು ತಿದ್ದುತ್ತಾಳೆ. ತನಗೆ ಅರ್ಧ ಮಿಲಿಲೀಟರ್ ಹೆಚ್ಚು ಯಾಕೆ ಬಂತು ಎಂದು ಅವಳೂ ಕೇಳಿಕೊಳ್ಳುವುದಿಲ್ಲ, ಯಾರೂ ಅವಳನ್ನು ಕೇಳುವುದಿಲ್ಲ. ಆ ದಿನ ಅವಳು ಕಲಿಯಬಹುದಾಗಿದ್ದ ರಸಾಯನಶಾಸ್ತ್ರವೆಲ್ಲ ಆ ಅರ್ಧ ಮಿಲಿಲೀಟರಿನಲ್ಲಿತ್ತು.

ಇದನ್ನು ವಿದ್ಯಾರ್ಥಿಗಳ ಅಪ್ರಾಮಾಣಿಕತೆ ಎಂದು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಪರೀಕ್ಷೆಯ ದಿನ ಎಕ್ಸಾಮಿನರ್ ಬಳಿ ಒಂದು ‘ಸರಿಯಾದ’ ರೀಡಿಂಗ್ ಇರುತ್ತದೆ. ಅದಕ್ಕೆ ಎಷ್ಟು ಹತ್ತಿರ ಬಂದರೆ ಎಷ್ಟು ಅಂಕ ಎಂಬ ಲೆಕ್ಕವೂ ಇರುತ್ತದೆ. ಅಂಕ ಸಿಗುವುದು ಸಂಖ್ಯೆಗೆ ಎಂದಾದ ಮೇಲೆ ಮಕ್ಕಳು ಸಂಖ್ಯೆಯನ್ನೇ ಹುಡುಕುತ್ತಾರೆ. ಮೊದಲ ವರ್ಷದ ಕೋರ್ಸಿನಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಲ್ಯಾಬ್. ಅದನ್ನು ಕೆಡಿಸಿರುವುದು ನಾವು ಅಂಕ ಕೊಡುವ ರೀತಿ. ನನ್ನ ತಕರಾರು ಮುಖ್ಯವಾಗಿ ಇಷ್ಟೇ.

ಲ್ಯಾಬಿನಲ್ಲಿ ಏನೆಲ್ಲ ಇದೆ ಎಂಬುದಕ್ಕೆ ಪಿಯುಸಿಯಿಂದಲೇ ಎಲ್ಲರಿಗೂ ಪರಿಚಯವಿರುವ ಪ್ರಯೋಗವನ್ನೇ ನೋಡಿ: ಆಕ್ಸಾಲಿಕ್ ಆಸಿಡ್ ಮತ್ತು ಪರ್ಮಾಂಗನೇಟ್. ಪಿಪೆಟ್ಟಿನಿಂದ ಆಸಿಡ್ ಅಳೆದು ಕೋನಿಕಲ್ ಫ್ಲಾಸ್ಕಿಗೆ ಬಿಟ್ಟು, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಸೇರಿಸಿ, 60–70 ಡಿಗ್ರಿಗೆ ಬಿಸಿಮಾಡಿ, ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಬಿಡಬೇಕು. ಮೊದಲ ಹನಿ ಬಿದ್ದಾಗ ಬಣ್ಣ ಹಾಗೇ ನಿಲ್ಲುತ್ತದೆ. ಫ್ಲಾಸ್ಕನ್ನು ಎಷ್ಟು ತಿರುಗಿಸಿದರೂ ಕೂಡಲೇ ಹೋಗುವುದಿಲ್ಲ. ಎಂಡ್ ಪಾಯಿಂಟ್ ಬಂದೇಬಿಟ್ಟಿತು ಎಂದು ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಸ್ವಲ್ಪ ಕಾದರೆ ಬಣ್ಣ ಮಾಯವಾಗುತ್ತದೆ. ಅಲ್ಲಿಂದ ಮುಂದಿನ ಹನಿಗಳು ಬಿದ್ದ ಕ್ಷಣವೇ ಬಣ್ಣ ಕಳೆದುಕೊಳ್ಳುತ್ತವೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನು ಅದೇ ಕ್ರಿಯೆಗೆ ವೇಗವರ್ಧಕವಾಗುತ್ತದೆ ಎಂಬುದು ಇದಕ್ಕೆ ಕಾರಣ. ಹೀಗೆ ಕಣ್ಣೆದುರೇ ನಡೆಯುವ ಸ್ವಯಂವೇಗವರ್ಧನೆಗೆ ರೆಕಾರ್ಡ್ ಪುಸ್ತಕದಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಅಲ್ಲಿರುವುದು ಇನಿಷಿಯಲ್ ರೀಡಿಂಗ್, ಫೈನಲ್ ರೀಡಿಂಗ್, ವ್ಯತ್ಯಾಸ.

ಸಲ್ಫ್ಯೂರಿಕ್ ಆಸಿಡ್ ಕಡಿಮೆಯಾದರೆ ಫ್ಲಾಸ್ಕಿನಲ್ಲಿ ಕಂದು ಬಣ್ಣದ ಮ್ಯಾಂಗನೀಸ್ ಡಯಾಕ್ಸೈಡ್ ಕೂರುತ್ತದೆ. ಅದರ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರೈಡ್ ಕೂಡ ಪರ್ಮಾಂಗನೇಟನ್ನು ತಿಂದು ರೀಡಿಂಗ್ ಏರುತ್ತದೆ. ಬ್ಯುರೆಟ್ಟನ್ನು ನೀರಿನಿಂದ ತೊಳೆದು, ದ್ರಾವಣದಿಂದ ರಿನ್ಸ್ ಮಾಡದೆ ತುಂಬಿಸಿದರೆ ಒಳಗಿನ ಪರ್ಮಾಂಗನೇಟ್ ತೆಳುವಾಗುವುದರಿಂದ ಆಗಲೂ ರೀಡಿಂಗ್ ಏರುತ್ತದೆ. ಕೋನಿಕಲ್ ಫ್ಲಾಸ್ಕಿನದು ತದ್ವಿರುದ್ಧ. ಅದನ್ನು ಡಿಸ್ಟಿಲ್ಡ್ ವಾಟರಿನಿಂದ ಮಾತ್ರ ತೊಳೆಯಬೇಕು, ಒಳಗೆ ನೀರು ಉಳಿದರೂ ಚಿಂತೆಯಿಲ್ಲ. ಆಕ್ಸಾಲಿಕ್ ಆಸಿಡ್‌ನಿಂದ ರಿನ್ಸ್ ಮಾಡಿದರೆ ಮಾತ್ರ ಕೆಟ್ಟಿತು. ಯಾಕೆ ಹೀಗೆ ಎಂದು ಒಬ್ಬ ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳಬಲ್ಲನಾದರೆ ಅವನಿಗೆ ಮೋಲ್ ಎಂದರೇನು, ಸಾಂದ್ರತೆ ಎಂದರೇನು ಎಂಬುದು ನಿಜವಾಗಿ ಗೊತ್ತಾಗಿದೆ ಎಂದರ್ಥ. ವೈವಾದಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಇನ್ನು ತರಗತಿಯ ಪಾಠ. ಕ್ವಾಂಟಂ ಸಂಖ್ಯೆಗಳು, ಕಕ್ಷಕಗಳ ಆಕಾರ, 1930ರ ಸ್ಲೇಟರ್ ನಿಯಮಗಳು ಮೊದಲ ವರ್ಷದಲ್ಲೇ ಬರುತ್ತವೆ. 0.35, 0.85 ಬಾಯಿಪಾಠ ಮಾಡಿದವರು ಸತುವಿನ 4ಎಸ್ ಎಲೆಕ್ಟ್ರಾನಿಗೆ ತಗಲುವ ಪರಿಣಾಮಕಾರಿ ವಿದ್ಯುದಾವೇಶ 4.35 ಎಂದು ತಪ್ಪಿಲ್ಲದೆ ತೆಗೆಯುತ್ತಾರೆ. ಅವರನ್ನೇ 250 ಮಿಲಿಲೀಟರ್ 0.1 ನಾರ್ಮಲ್ ಆಕ್ಸಾಲಿಕ್ ಆಸಿಡ್ ದ್ರಾವಣಕ್ಕೆ ಎಷ್ಟು ತೂಗಬೇಕು ಎಂದು ಕೇಳಿ. ಬಹಳ ಮಂದಿ ತಡವರಿಸುತ್ತಾರೆ. ಉತ್ತರ 1.575 ಗ್ರಾಂ, ಲೆಕ್ಕ ಎರಡು ಗುಣಾಕಾರದ್ದು. ಸ್ಲೇಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಳಗ್ಗೆ ಹೇಳಿದ ಪಾಠಕ್ಕೂ ಮಧ್ಯಾಹ್ನ ಮಾಡಿದ ಪ್ರಯೋಗಕ್ಕೂ ವರ್ಷವಿಡೀ ಸಂಬಂಧವೇ ಕಾಣದಿದ್ದರೆ ವಿದ್ಯಾರ್ಥಿ ಅವನ್ನು ಎರಡು ಬೇರೆ ವಿಷಯಗಳೆಂದೇ ತಿಳಿಯುತ್ತಾನೆ. 1824ರಲ್ಲಿ ಜರ್ಮನಿಯ ಗೀಸೆನ್‌ಗೆ ಪ್ರಾಧ್ಯಾಪಕನಾಗಿ ಹೋದ ಯುಸ್ಟುಸ್ ಲೀಬಿಗ್ ವಿದ್ಯಾರ್ಥಿಗಳ ಕೈಗೇ ಪ್ರಯೋಗ ಕೊಟ್ಟು ಕಲಿಸಿದ. ಜಗತ್ತಿನ ವಿಶ್ವವಿದ್ಯಾಲಯಗಳು ಆ ಮಾದರಿಯನ್ನು ಹಿಡಿದವು. ನಾವು ಪ್ರಯೋಗವನ್ನು ಉಳಿಸಿಕೊಂಡೆವು, ಅದರಿಂದ ಕಲಿಯುವುದನ್ನು ಬಿಟ್ಟೆವು.

ಸಾಲ್ಟ್ ಅನಾಲಿಸಿಸ್‌ನ ಕಥೆಯೂ ಇದೇ. ನೀಲಿ ಕಂಡರೆ ಕಾಪರ್, ಹಸಿರು ಕಂಡರೆ ನಿಕ್ಕಲ್ ಎಂದು ಊಹಿಸಿ ಆಮೇಲೆ ಟೆಸ್ಟುಗಳನ್ನು ಹೊಂದಿಸಿ ಬರೆಯುತ್ತಾರೆ. ಎರಡನೇ ಗುಂಪಿನಲ್ಲಿ ಆಮ್ಲ ಯಾಕೆ ಬೇಕು ಎಂದು ಕೇಳಿದರೆ ವಿಲೇಯತಾ ಗುಣಲಬ್ಧದ ಪಾಠ ಅಲ್ಲೇ ಮುಗಿಯುತ್ತಿತ್ತು.

ಕಾಲೇಜುಗಳ ಕಷ್ಟ ನನಗೆ ಗೊತ್ತಿದೆ. ದೊಡ್ಡ ಬ್ಯಾಚುಗಳು, ತುದಿ ಒಡೆದ ಪಿಪೆಟ್‌ಗಳು, ಸಾಲದ ಡಿಸ್ಟಿಲ್ಡ್ ವಾಟರ್, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರು. ಹಾಗಾಗಿ ದುಡ್ಡು ಬೇಡುವ ಸಲಹೆ ಕೊಡುವುದಿಲ್ಲ. ಇಡಿಟಿಎ ಬಳಸಿ ನೀರಿನ ಗಡಸುತನ ಕಂಡುಹಿಡಿಯುವ ಪ್ರಯೋಗ ಎಷ್ಟೋ ಲ್ಯಾಬುಗಳಲ್ಲಿ ಈಗಾಗಲೇ ಇದೆ. ಎಲ್ಲರಿಗೂ ಒಂದೇ ದ್ರಾವಣ ಕೊಡುವ ಬದಲು ಒಬ್ಬೊಬ್ಬರೂ ತಮ್ಮ ಮನೆಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತರಲಿ. 50 ಮಿಲಿಲೀಟರ್ ನೀರಿಗೆ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲಾಕ್ ಟಿ ಸೇರಿಸಿ, 0.01 ಮೋಲಾರ್ ಇಡಿಟಿಎ ಬಿಟ್ಟಾಗ ದ್ರಾಕ್ಷಾರಸದ ಕೆಂಪು ಅಚ್ಚ ನೀಲಿಗೆ ತಿರುಗುತ್ತದೆ. ಅದಕ್ಕೆ 15 ಮಿಲಿಲೀಟರ್ ಹಿಡಿದರೆ ಗಡಸುತನ ಲೀಟರಿಗೆ 300 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಮಿತಿ 200, ಬೇರೆ ಮೂಲವಿಲ್ಲದಿದ್ದರೆ 600. ರೀಡಿಂಗಿನಲ್ಲಿ 0.1 ತಪ್ಪಿದರೆ ಉತ್ತರದಲ್ಲಿ 2 ಮಿಲಿಗ್ರಾಂ ವ್ಯತ್ಯಾಸ. ಇಲ್ಲಿ ಪಕ್ಕದವರನ್ನು ‘ಎಷ್ಟು ಬಂತು’ ಎಂದು ಕೇಳಿ ಪ್ರಯೋಜನವಿಲ್ಲ, ಯಾಕೆಂದರೆ ಅವರ ನೀರೇ ಬೇರೆ. ತನ್ನ ರೀಡಿಂಗನ್ನು ತಾನೇ ನಂಬಬೇಕು. ನಂಬಲು ಮತ್ತೆ ಮತ್ತೆ ಮಾಡಿ ನೋಡಬೇಕು. ಮನೆಯ ಹೀಟರಿಗೆ ಯಾಕೆ ಬಿಳಿ ಹೊಪ್ಪಳೆ ಕಟ್ಟುತ್ತದೆ ಎಂಬುದಕ್ಕೂ ವಿದ್ಯಾರ್ಥಿಯ ಕೈಯಲ್ಲಿ ಒಂದು ಅಳತೆ ಸಿಗುತ್ತದೆ.

ಪಠ್ಯಕ್ರಮ ಸಮಿತಿಗಳಲ್ಲಿ ಕೂರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದೇ. ಪ್ರಾಕ್ಟಿಕಲ್ ಅಂಕಗಳಲ್ಲಿ ಅರ್ಧದಷ್ಟನ್ನು ರೀಡಿಂಗಿನಿಂದ ತೆಗೆದು, ಆ ರೀಡಿಂಗ್ ಯಾಕೆ ಹಾಗೆ ಬಂತು ಎಂದು ವಿದ್ಯಾರ್ಥಿ ಬರೆಯುವ ಅರ್ಧ ಪುಟಕ್ಕೆ ಕೊಡಿ. ಸಮಿತಿ ತೀರ್ಮಾನಿಸುವವರೆಗೂ ಕಾಯಬೇಕಿಲ್ಲ. ಇಂಟರ್ನಲ್ ಅಂಕಗಳು ನಿಮ್ಮ ಕೈಯಲ್ಲೇ ಇವೆ, ಈ ಸೆಮಿಸ್ಟರಿನಲ್ಲೇ ಒಂದು ಬ್ಯಾಚಿಗೆ ಮಾಡಿ ನೋಡಿ.