ನೇಮಿವೃತ್ತಿ ವಿಚಾರ

ರಘುವಂಶದ ಪ್ರಥಮ ಸರ್ಗದಲ್ಲಿ ಕಾಳಿದಾಸನು ದಿಲೀಪನ ಪ್ರಜೆಗಳನ್ನು ರಥಚಕ್ರದ ಅಂಚಿಗೆ ಹೋಲಿಸಿ, ಅವರು ಮನುವಿನ ಕಾಲದಿಂದ ತುಳಿದು ಬಂದ ಮಾರ್ಗವನ್ನು ಒಂದು ಗೆರೆಯಷ್ಟೂ ಮೀರಲಿಲ್ಲವೆಂದು ಹೇಳಿರುವನು. ಇದನ್ನು ರಾಜಸ್ತುತಿಯೆಂದು ತಿಳಿಸಿ ಮುಂದಿನ ಶ್ಲೋಕಕ್ಕೆ ಹೋಗುವುದು ಪಾಠ ಹೇಳುವವರ ವಾಡಿಕೆ. ಆದರೆ ಗಾಲಿಗಳೆಲ್ಲ ಒಂದೇ ಜಾಡಿನಲ್ಲಿ ಓಡಿದರೆ ದಾರಿಯ ಗತಿಯೇನೆಂದು ಇಂದಿನ ರಸ್ತೆಶಾಸ್ತ್ರವು ಕೇಳುತ್ತಿರುವುದರಿಂದ, ಈ ಉಪಮೆಯನ್ನು ಮರಳಿ ಪರೀಕ್ಷಿಸುವುದು ಅನುಚಿತವಾಗಲಾರದು.

ಆ ಶಾಸ್ತ್ರದಲ್ಲಿ ಜಾಡೆಂಬುದು ದೋಷ. ಭಾರದ ವಾಹನಗಳು ಒಂದೇ ಗೆರೆ ಹಿಡಿದಷ್ಟೂ ಡಾಂಬರು ಬೇಗ ತಗ್ಗುವುದು. ಅತ್ತಿತ್ತ ಸರಿದು ಓಡಿದರೆ ಪೆಟ್ಟು ಹಂಚಿಹೋಗುವುದು. ತಗ್ಗಿನಲ್ಲಿ ನೀರು ನಿಂತರೆ ಗಾಲಿಯ ಹಿಡಿತ ತಪ್ಪುವುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2018ರ ವಿನ್ಯಾಸಸೂತ್ರವು ಸರಾಸರಿ 20 ಮಿಲಿಮೀಟರಿನ ಜಾಡನ್ನು ರಸ್ತೆಯ ಸೋಲೆಂದೇ ಎಣಿಸಿದೆ.

ಈ ಆಳವನ್ನು ಅಳೆಯುವ ಬಗೆಯು ನೈಯಾಯಿಕರ ಲಕ್ಷಣಚರ್ಚೆಯನ್ನು ನೆನಪಿಗೆ ತರುವಂಥದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವದ ಬಳಿ ನಡೆದ ಪ್ರಸಿದ್ಧ ಪರೀಕ್ಷೆಯಲ್ಲಿ, 4 ಅಡಿಯ ನೇರಪಟ್ಟಿಯನ್ನು ಜಾಡಿಗೆ ಅಡ್ಡಲಾಗಿಟ್ಟು ಅದರಡಿಯ ತೆರಪನ್ನು ಅಳೆದರು. ಪಟ್ಟಿಯ ಉದ್ದ ಬೇರೆಯಾದರೆ ಆಳವೂ ಬೇರೆಯಾಗಬಹುದು. ಮುಂದೆ ಓಡುವ ವಾಹನಕ್ಕೆ 3 ಅಥವಾ 5 ಮಾಪಕಗಳನ್ನು ಕಟ್ಟಿದರು. ವಾಹನವು ಸ್ವಲ್ಪ ಪಕ್ಕಕ್ಕೆ ಸರಿದರೂ ಮಾಪಕವು ಜಾಡಿನ ತಳವನ್ನು ಬಿಟ್ಟು ದಡವನ್ನು ಕಾಣುವುದು. ಇದು ಸ್ಪಷ್ಟವಾಗಿ ಅವ್ಯಾಪ್ತಿ. ಈಗಿನ ಯಂತ್ರಗಳು ಲೇಸರ್ ಬೆಳಕಿನ ಒಂದು ಗೆರೆಯನ್ನೇ ರಸ್ತೆಗೆ ಅಡ್ಡಲಾಗಿ ಚೆಲ್ಲುತ್ತವೆ. ಓರೆಯಾಗಿಟ್ಟ ಕ್ಯಾಮೆರಾಕ್ಕೆ ಆ ಗೆರೆ ತಗ್ಗಿರುವಲ್ಲಿ ಬಾಗಿದಂತೆ ಕಾಣುವುದು. ಆ ಬಾಗಿನಿಂದ ತ್ರಿಕೋಣಗಣಿತದ ಮೂಲಕ ಆಳ ತಿಳಿಯುವುದು. 4 ಮೀಟರು ಅಗಲದಲ್ಲಿ 4000ಕ್ಕೂ ಹೆಚ್ಚು ಬಿಂದುಗಳು ದೊರೆಯುವುದರಿಂದ ಅವ್ಯಾಪ್ತಿ ಬಹುಮಟ್ಟಿಗೆ ನೀಗಿತು. ಆದರೆ ಗೆರೆ ಅಗಲವಾದುದರಿಂದ ರಸ್ತೆಯಂಚಿನ ಇಳಿತವೂ ಜಾಡಿನ ಲೆಕ್ಕಕ್ಕೆ ಸೇರುವ ಭಯವುಂಟು. ಅತಿವ್ಯಾಪ್ತಿಯನ್ನು ತಡೆಯಲು ಪಥದ ಎಲ್ಲೆಯನ್ನು ಮೊದಲೇ ಗೊತ್ತುಮಾಡಬೇಕಾಯಿತು. ಯಂತ್ರ ಎಷ್ಟು ಸೂಕ್ಷ್ಮವಾದರೂ ಲಕ್ಷಣವನ್ನು ಹೇಳುವ ಹೊಣೆ ಅದರದಲ್ಲ.

ಇನ್ನು ಆಕ್ಷೇಪ. ಗೆರೆ ಮೀರದ ನಡೆಯೇ ದಾರಿಯನ್ನು ಕೆಡಿಸುವುದಾದರೆ, ಉಪಮಾನವು ಸ್ತುತಿಗೆ ವಿರುದ್ಧವಾಗಲಿಲ್ಲವೆ? ಸಾಧಾರಣಧರ್ಮವಷ್ಟೇ ಗ್ರಾಹ್ಯ, ಮುಖವನ್ನು ಚಂದ್ರನೆಂದಾಗ ಕಲಂಕವನ್ನು ಎಣಿಸುವುದಿಲ್ಲ ಎಂಬ ಸಮಾಧಾನವು ಆಲಂಕಾರಿಕರಲ್ಲಿ ಸಿದ್ಧವಾಗಿದೆ. ಅದು ಸರಿಯೇ, ಆದರೆ ಇಲ್ಲಿ ಸಾಲದು. ಕವಿಯ ‘ರೇಖಾಮಾತ್ರ’ವು ಪಕ್ಕಕ್ಕೆ ಸರಿಯುವುದರ ಅಳತೆ, ಶಾಸ್ತ್ರಜ್ಞರ ಮಿಲಿಮೀಟರು ಕೆಳಕ್ಕೆ ಇಳಿಯುವುದರ ಅಳತೆ. ಕವಿಯು ಆಳದ ಮಾತನ್ನೇ ಆಡಿಲ್ಲವಾದುದರಿಂದ ವಾಚ್ಯಾರ್ಥಕ್ಕೆ ಆಕ್ಷೇಪವು ತಗುಲದು.

ವ್ಯಂಗ್ಯದ ವಿಷಯ ಬೇರೆ. ‘ಕ್ಷುಣ್ಣ’ವೆಂಬುದು ಅರೆಯುವುದು, ಪುಡಿಮಾಡುವುದು ಎಂಬರ್ಥದ ಧಾತುವಿನಿಂದ ಬಂದ ಪದ. ಮಲ್ಲಿನಾಥನು ಅದಕ್ಕೆ ಅಭ್ಯಾಸವಾದುದು, ಪೆಟ್ಟು ತಿಂದುದು ಎಂದು ಎರಡರ್ಥವನ್ನೂ ಕೊಟ್ಟು, ಒಂದನ್ನು ಆಚಾರಕ್ಕೂ ಇನ್ನೊಂದನ್ನು ದಾರಿಗೂ ಹೊಂದಿಸಿರುವನು. ಮನುವಿನಿಂದ ಮೊದಲ್ಗೊಂಡು ಎಂದ ಮೇಲೆ ಪೆಟ್ಟು ಎಷ್ಟು ಕಾಲದ್ದೆಂಬುದು ತಿಳಿಯಿತು. ಆಳವನ್ನು ಓದುಗನೇ ಊಹಿಸಬೇಕು. ಮಣ್ಣಿನ ದಾರಿಯಲ್ಲಿ ಜಾಡು ಆಳವಾದಷ್ಟೂ ಗಾಲಿಯನ್ನು ಬಿಡದೆ ಹಿಡಿಯುವುದು. ಹಾಗಾದರೆ ಪ್ರಜೆಗಳ ನಿಷ್ಠೆಯಲ್ಲಿ ಸಾರಥಿಯ ಪಾಲೆಷ್ಟು, ಜಾಡಿನ ಪಾಲೆಷ್ಟು? ದಿಲೀಪನ ಸ್ತುತಿಯೊಳಗೇ ಈ ಸಂದೇಹವು ಹುದುಗಿದೆ. ‘ಕ್ಷುಣ್ಣ’ಕ್ಕೆ ‘ಅನುಸರಿಸಿದ’ ಎಂದು ಅರ್ಥ ಹೇಳಿದರೆ ಇದು ಪೂರಾ ಮರೆಯಾಗುವುದು. ಬಂಡಿಯ ಗುರುತಿಗೂ ನಡೆದು ಬಂದ ರೂಢಿಗೂ ಸಲ್ಲುವ ‘ಜಾಡು’ ಎಂಬ ಮಾತು ಕನ್ನಡದಲ್ಲಿರುವಾಗ, ಅನುವಾದಕರು ಅದನ್ನೇ ಬಳಸುವುದು ಯುಕ್ತ.